ಎಳ್ಳಿನ ಪೊಟ್ಟಣ

ಚಿನ್ಮಯಿ ಫೈಲು ತೆರೆದಳು. ಒಳಗೆ ಒಂದು ಹಾಳೆಯೂ ಇರಲಿಲ್ಲ. ಚಳಿಗಾಲದ ಕಿರು ಟರ್ಮಿನಲ್ಲಿ, ಹತ್ತೇ ದಿನಕ್ಕೆ ಇಡೀ ಶರೀರಶಾಸ್ತ್ರವನ್ನು ತುರುಕುವ ನರ್ಸಿಂಗ್ ಕೋರ್ಸಿನ ನೋಟ್ಸೆಲ್ಲ ಅದರಲ್ಲಿರಬೇಕಿತ್ತು. ಪರೀಕ್ಷೆ ನಾಳೆ.

ಅಡುಗೆಮನೆಯ ಮೇಜಿನ ಮೇಲೆ ಸಂಕ್ರಾಂತಿಯ ಎಳ್ಳುಬೆಲ್ಲದ ಒಂದೇ ಪೊಟ್ಟಣ ಉಳಿದಿತ್ತು. ಬಿಚ್ಚಿದಳು. ಅವಳೇ ಬರೆದ ಮೂತ್ರಪಿಂಡದ ಚಿತ್ರಕ್ಕೆ ಬೆಲ್ಲ ಅಂಟಿಕೊಂಡಿತ್ತು.

"ರದ್ದಿ ಅಂದ್ಕೊಂಡೆ," ಎಂದರು ಅತ್ತೆ ಅಂಬುಜಮ್ಮ, ತಲೆಯೆತ್ತದೆ. "ಈ ಪರದೇಶದ ಹ್ಯಾರೋ ಊರಲ್ಲಿರೋ ನಮ್ಮೋರ ಹನ್ನೊಂದು ಮನೆಗೂ ಹಂಚಿ ಬಂದೆ. ಡಾಕ್ಟರ್ ಹೆಂಡ್ತಿ ಕಂಡೋರ ಬೆಡ್‌ಪ್ಯಾನ್ ತೊಳೆಯೋಕೆ ಕಾಲೇಜು ಬೇರೆ ಕೇಡು." ಆ ಹನ್ನೊಂದು ಮನೆಗಳಲ್ಲೂ ಅವರು, ಸೊಸೆ ಕಂಪ್ಯೂಟರ್ ಕಲಿಯುತ್ತಿದ್ದಾಳೆ ಎಂದೇ ಹೇಳಿಕೊಂಡಿದ್ದರು.

ಚಿನ್ಮಯಿ ಕಾರಿನ ಕೀ ತೆಗೆದುಕೊಂಡಳು. "ಕೋಟ್ ಹಾಕ್ಕೊಳ್ಳಿ ಅತ್ತೆ. ಬೆಲ್ ನಾನು ಒತ್ತುತೀನಿ, ಪೊಟ್ಟಣ ನೀವು ವಾಪಸ್ ಕೇಳಿ."

"ಹಬ್ಬದ ದಿನ ಕೊಟ್ಟ ಎಳ್ಳನ್ನ ಯಾರಾದ್ರೂ ವಾಪಸ್ ಕೇಳ್ತಾರೇನೇ?"

"ಎಳ್ಳು ಅವರೇ ಇಟ್ಕೊಳ್ಳಲಿ, ನನಗೆ ಕಾಗದ ಬೇಕು. ನೀವು ಬರದಿದ್ರೆ ನಾನೇ ಹೋಗಿ, ಅದನ್ನ ಫೈಲಿಂದ ಕಿತ್ತೋರು ಯಾರು ಅಂತಾನೂ ಹೇಳಿ ಬರ್ತೀನಿ."

ಮೊದಲ ಮನೆಯ ನೀರಜಾ ನಗುತ್ತ ಬಾಗಿಲು ತೆರೆದರು. ಅಂಬುಜಮ್ಮ ಕೋಟಿನ ಗುಂಡಿ ತಿರುವುತ್ತ, ನೆಲ ನೋಡುತ್ತ ಗೊಣಗಿದರು. "ಆ ಪೊಟ್ಟಣದ ಕಾಗದ... ನಮ್ಮ ಸೊಸೇದು. ನರ್ಸಿಂಗ್ ಓದ್ತಿದ್ದಾಳೆ."

"ಏನಂದ್ರಿ?" ನೀರಜಾ ಮುಂದಕ್ಕೆ ಬಾಗಿದರು.

"ಜೋರಾಗಿ ಹೇಳಿ ಅತ್ತೆ," ಎಂದಳು ಚಿನ್ಮಯಿ. "ಇನ್ನೂ ಹತ್ತು ಮನೆ ಇದೆ."