ಬಲಕ್ಕೆ ಬಂದ ಸೀತೆ

ಕಣ್ಣಿಲ್ಲದ ಚೆಲುವಮ್ಮನ ಹೆಬ್ಬೆರಳು, ಅವಳು ದುರಸ್ತಿಗೆ ಕೊಟ್ಟಿದ್ದ ಪುತ್ಥಳಿ ಸರದ ಏಳನೆಯ ನಾಣ್ಯದ ಮೇಲೆ ನಿಂತಾಗ ಅಕ್ಕಸಾಲಿ ವೀರಾಚಾರಿ ಊದುಗೊಳವೆಯನ್ನು ಕೆಳಗಿಟ್ಟ. ಅಲ್ಲಿದ್ದ ಹಳೆಯ ನಾಣ್ಯವನ್ನು ನಿನ್ನೆ ಮೈಮರೆತು ಮೂಸೆಗೆ ಹಾಕಿ ಕರಗಿಸಿಬಿಟ್ಟಿದ್ದ. ಅದೇ ಚಿನ್ನದಿಂದ ಹೊಸದೊಂದನ್ನು ಅಚ್ಚೊತ್ತಿ ಸೇರಿಸಿದ್ದ. ಗೊತ್ತಾದರೆ ನಜರ್‌ಬಾದಿನಲ್ಲಿ ಇನ್ನು ಯಾರೂ ಅವನ ಕೈಗೆ ಚಿನ್ನ ಕೊಡರು.

ಎಂದೋ ವೆನಿಸ್ಸಿನ ಟಂಕಸಾಲೆಯಲ್ಲಿ ಮುದ್ರಿಸಿದ ನಾಣ್ಯಗಳವು. ಅವುಗಳ ಮೇಲಿನ ನಿಂತ ಸಂತ, ಮಂಡಿಯೂರಿದ ದೊರೆ ಇಲ್ಲಿನ ಹೆಂಗಸರಿಗೆ ರಾಮ, ಸೀತೆ. ಅಚ್ಚನ್ನು ಎಡಬಲ ತಿರುಗಿಸಿ ಕೊರೆಯಬೇಕೆಂಬುದನ್ನೇ ಅವನು ಗಾಬರಿಯಲ್ಲಿ ಮರೆತಿದ್ದ.

"ಆಚಾರ್ರೇ, ಸೀತಮ್ಮ ರಾಮನ ಎಡಕ್ಕಲ್ವಾ ಇರೋದು? ಇವ್ಳು ಬಲಕ್ಕೆ ಬಂದವ್ಳಲ್ಲ!"

"ಹಳೇದನ್ನ ಕರಗಿಸ್ಬುಟ್ಟೆ ಕಣವ್ವ. ತಪ್ಪಾಯ್ತು."

ಮುದುಕಿ ಸರವನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ನಾಳೆ ಮೊಮ್ಮಗಳ ಧಾರೆ. ತಾಳಿ ಕಟ್ಟೋಗಂಟ ಹೆಣ್ಣು ಬಲಕ್ಕೇ ಕೂರೋದು, ಇರ್ಲಿ ಬುಡಿ. ಸುಳ್ಳು ಹೇಳಿದ್ರೆ ಮಾತ್ರ ಬೀದೀಲಿ ನಿಮ್ಮ ಮಾನ ಕಳೀತಿದ್ದೆ."