ಹಸಿ ನೆಲ

"ಕಾಲಿಡಬ್ಯಾಡ ಕಣವ್ವಾ! ಇನ್ನೂ ಹಸಿ ಅದೆ!"

ಜಗಲಿಯಿಂದ ಅಪ್ಪ ಕೂಗಿದ ರಭಸಕ್ಕೆ ರಂಜಿತ ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಕಂಕುಳಲ್ಲಿ ಬಟ್ಟೆಯ ಚೀಲ. ಎದುರಿಗೆ, ಬೀದಿಬಾಗಿಲಿನವರೆಗೂ, ನಡುಮನೆ ತುಂಬ ಹೊಚ್ಚಹೊಸ ಬಿಳಿ ಟೈಲ್ಸು. ಹಿತ್ತಲಿಗೆ ಹೋಗಬೇಕೆಂದರೂ ಅದನ್ನೇ ದಾಟಬೇಕು.

ಕೆ.ಆರ್. ಪೇಟೆಯಿಂದ ಗಂಡಿನ ಕಡೆಯವರು ಬರುವ ಹೊತ್ತಾಗಿತ್ತು. ಅಷ್ಟರೊಳಗೆ ಬೆಳಗೊಳದ ಗೆಳತಿಯ ಮನೆ ಸೇರಿಕೊಳ್ಳಬೇಕೆಂದಿದ್ದಳು.

ಸಂಬಂಧ ತಂದವನು ದೊಡ್ಡಪ್ಪ ಮುದ್ದಯ್ಯ. ಪಾಂಡವಪುರದ ಆ ಮನೆಯಲ್ಲಿ ಅವನ ಮಾತಿಗೆ ಎದುರಿಲ್ಲ. ಅಪ್ಪ ಮರಿಸ್ವಾಮಿಯಂತೂ ಅಣ್ಣನೆದುರು ತಲೆ ಎತ್ತಿದವನೇ ಅಲ್ಲ. ತಾಯಿಯಿಲ್ಲದ ಹುಡುಗಿ ಇನ್ಯಾರಿಗೆ ಹೇಳಬೇಕು? ಹೋದ ವಾರ ಕೊಟ್ಟಿಗೆಯಲ್ಲಿ ಅಪ್ಪನ ಮುಂದೆ ಅತ್ತಿದ್ದಳು. "ನಂಗೆ ಈ ಮದ್ವೆ ಬ್ಯಾಡ ಕಣಪ್ಪ. ಟೀಚರ್ ಟ್ರೈನಿಂಗ್ ಮುಗಿಸ್ತೀನಿ."

ಮರಿಸ್ವಾಮಿ ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ. ಮರುದಿನವೇ ಮಂಡ್ಯಕ್ಕೆ ಹೋಗಿ ಟೈಲ್ಸ್ ಆರಿಸಿಕೊಂಡು ಬಂದ. ಮಗಳ ಕಣ್ಣೀರಿಗಿಂತ ಬೀಗರೆದುರು ನೆಲ ಹೊಳೆಯುವುದೇ ಅವನಿಗೆ ಹೆಚ್ಚು ಎಂದು ರಂಜಿತಳಿಗೆ ಅನ್ನಿಸಿತ್ತು.

ಗಾರೆ ಕೆಲಸದ ದ್ಯಾವಯ್ಯ ಬೆಳಿಗ್ಗೆ ಬಂದವನು, ಬಿಸಿಲೇರುವಷ್ಟರಲ್ಲಿ ಇಡೀ ನಡುಮನೆ ಮುಗಿಸಿ ಜಗಲಿಯಲ್ಲಿ ಬೀಡಿ ಹಚ್ಚಿದ್ದ. ಅಂಗಿಯ ಮೇಲೆ ಒಂದು ಹನಿ ಗಾರೆಯೂ ಸಿಡಿದಿರಲಿಲ್ಲ. ಅವನ ಪಕ್ಕದಲ್ಲೇ ಅಪ್ಪ ಸ್ಟೂಲು ಹಾಕಿಕೊಂಡು ಬಾಗಿಲಿಗೆ ಅಡ್ಡ ಕೂತಿದ್ದ. ಓಡಿಹೋಗುವ ವಿಚಾರ ಅವನಿಗೆ ಗೊತ್ತಾಗಿಹೋಗಿದೆ ಎಂದುಕೊಂಡು ರಂಜಿತ ಚೀಲ ಬಿಟ್ಟು ಕುಸಿದು ಕೂತಳು.

ಕಾರು ಬಂದು ನಿಂತಿತು. ಮೊದಲು ಇಳಿದವನು ಮುದ್ದಯ್ಯ.

"ಏನ್ಲಾ ಇದು? ಇವತ್ತೇ ಹಾಕಿಸ್ಬೇಕಿತ್ತೇನ್ಲಾ?"

"ಮನೆ ಚೆಂದಾಗಿ ಕಾಣ್ಲಿ ಅಂತ ಕಣಣ್ಣ. ತಪ್ಪಾಯ್ತು. ನಾಳೆಗಂಟ ಯಾರೂ ಕಾಲಿಡಂಗಿಲ್ಲ. ಮಗ ಬ್ಯಾರೆ ಒಳ್ಗೇ ಸಿಕ್ಕಾಕೊಂಡವಳೆ."

ಗಂಡಿನ ತಾಯಿ ಮೆಟ್ಟಿಲ ಕೆಳಗೇ ನಿಂತು ಮುಖ ಸಿಂಡರಿಸಿದಳು. "ಬಾಗ್ಲಲ್ಲೇ ತಡೆ ಆಯ್ತಲ್ಲ. ಈ ಸಂಬಂಧ ನಮ್ಗೆ ಆಗ್ಬರಾಕಿಲ್ಲ, ನಡೀರಿ."

ಮುದ್ದಯ್ಯ ಗೋಗರೆದ. ಅವಳು ಕಾರು ಹತ್ತಿಬಿಟ್ಟಳು. ತಮ್ಮನಿಗೆ ಬಾಯಿಗೆ ಬಂದಂತೆ ಬೈದು ಅವನೂ ಹಿಂದೆಯೇ ಓಡಿದ. ಮರಿಸ್ವಾಮಿ ತಲೆ ತಗ್ಗಿಸಿಯೇ ನಿಂತಿದ್ದ.

ಕಾರಿನ ಸದ್ದು ಅಡಗಿತು. ಮರಿಸ್ವಾಮಿ ಒಳಕ್ಕೆ ತಿರುಗಿ, ಟೈಲ್ಸಿನ ಮೇಲೇ ಕಾಲಿಟ್ಟು, ನೇರವಾಗಿ ಮಗಳ ಹತ್ತಿರ ನಡೆದುಬಂದ.

"ಎದ್ರುಕೊಂಬುಟ್ಟಾ ಮಗಾ?"

ಅವನ ಒಂದೊಂದು ಹೆಜ್ಜೆಗೂ ಟೈಲ್ಸು ಲೊಟಲೊಟ ಅಲುಗಿದ್ದವು. ಕೆಳಗೆ ಇದ್ದದ್ದು ಬರೀ ಒಣ ಮರಳು.