ಹಲ್ಲಿನಲ್ಲಿ ಹಿಡಿದ ಹುರಿ

ಕಾಪುವಿನ ಕಡಲ ದಂಡೆಯಲ್ಲಿ ಮೀನುಗಾರ ಗಣಪ ಬಲೆಯ ಹುರಿಯ ಒಂದು ತುದಿಯನ್ನು ಸ್ಟ್ಯಾನಿಸ್ಲಾಸ ಪೊರ್ಬುವಿನ ಬೆಲ್ಟಿಗೆ ಬಿಗಿದು, ಇನ್ನೊಂದು ತುದಿಯನ್ನು ಅವನ ಬಾಯಿಯ ಹತ್ತಿರ ತಂದ. "ಕಚ್ಚಿ ಹಿಡಿಯಿರಿ ಪೊರ್ಬುಗಳೇ. ತಲೆ ಎತ್ತಿದರೆ ಹಲ್ಲು ಹೋದೀತು."

"ನೀನು ಗಾಲ್ಫ್ ಆಟ ಕಂಡದ್ದುಂಟಾ ಮಾರಾಯ?"

"ಇಲ್ಲ. ಆದರೆ ಬೀಸುಬಲೆ ಎಸೆಯುವಾಗ ನಾವೂ ಬಲೆಯ ಅಂಚನ್ನು ಕಚ್ಚುತ್ತೇವೆ. ಬೀಸುವುದು ಬೀಸುವುದೇ ಅಲ್ವಾ?"

ಸ್ವಾತಂತ್ರ್ಯ ಬಂದರೂ ತಮ್ಮ ಊರಿಗೆ ಹೋಗದ ಮಂಗಳೂರಿನ ಬಿಳಿ ದೊರೆಗಳ ಎದುರು ನಾಳೆ ಸರಿಯಾಗಿ ಹೊಡೆದು ತೋರಿಸಿದರೆ ಸ್ಟ್ಯಾನಿಸ್ಲಾಸನಿಗೆ ಅವರ ಕ್ಲಬ್ಬಿನಲ್ಲಿ ಗಾಲ್ಫ್ ಕಲಿಸುವ ಕೆಲಸ. ಇಲ್ಲವಾದರೆ ಮತ್ತೆ ಬೊಂಬಾಯಿಯ ಹಡಗು ಹತ್ತುವುದೇ. ಕೋಲು ಬೀಸುವುದರಲ್ಲಿ ಹೆಜಮಾಡಿಯಿಂದ ಲಂಡನ್ನಿನವರೆಗೆ ಅವನಿಗೆ ಸಾಟಿ ಇರಲಿಲ್ಲ. ರೋಗ ಒಂದೇ, ಚೆಂಡು ಎಲ್ಲಿಗೆ ಹೋಯಿತೆಂದು ನೋಡುವ ಚಪಲ. ಕೋಲು ತಾಗುವ ಮೊದಲೇ ತಲೆ ಏಳುತ್ತಿತ್ತು. ಬೆಳಗ್ಗಿನಿಂದ ಹನ್ನೊಂದು ಚೆಂಡುಗಳು ಕಾಪುವಿನ ಕಡಲು ಸೇರಿ, ಅಲ್ಲಿನ ಬಂಗುಡೆಗಳೆಲ್ಲ ಗಾಲ್ಫ್ ಕಲಿತುಬಿಟ್ಟಿದ್ದವು. ಇನ್ನು ಉಳಿದದ್ದು ಒಂದೇ ಚೆಂಡು.

ಗಣಪ ಹಿಂದೆ ನಿಂತು ಅವನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ. "ಕೈಯಿಂದಲ್ಲ, ಇಲ್ಲಿಂದ." ಮತ್ತೆ ದೂರ ಸರಿದು, "ಹ್ಞಾಂ, ಬೀಸಿ!" ಎಂದ.

ಹೊಡೆತದ ಸದ್ದಿಗೆ ಕಾರ್ಕಳದ ಬಂಡೆಗಳು ಬಿರುಕುಬಿಟ್ಟವು. ಚೆಂಡು ದೀಪಸ್ತಂಭದ ನೆತ್ತಿಯನ್ನೇ ದಾಟಿತು. ಮೀನು ಒಣಗಿಸುತ್ತಿದ್ದ ವಾರಿಜಕ್ಕ ಎದ್ದು ನಿಂತು ಕೂಗಿದಳು: "ನೋಡಿ ಮಾರಾಯ್ರೆ, ಒಮ್ಮೆ ತಲೆ ಎತ್ತಿ ನೋಡಿ!"

ಸ್ಟ್ಯಾನಿಸ್ಲಾಸ ನೋಡಲಿಲ್ಲ. ಹುರಿ ಬಿಡಿಸಲು ಓಡಿಬಂದ ಗಣಪ ಅಲ್ಲೇ ನಿಂತುಬಿಟ್ಟ. ಹುರಿ ಯಾವಾಗಲೋ ಹಲ್ಲಿನಿಂದ ಜಾರಿ ಬೆಲ್ಟಿನಲ್ಲಿ ನೇತಾಡುತ್ತಿತ್ತು. ಸ್ಟ್ಯಾನಿಸ್ಲಾಸನ ಕಣ್ಣು ಮಾತ್ರ ಚೆಂಡು ಇದ್ದ ಮರಳಿನ ಗುಳಿಯಲ್ಲೇ ಇತ್ತು.